ಏಳುನೂರ ಅರವತ್ತು ಕೆಜಿಯ ಕಾರು

"ಈ ಚಳ್ಳಕೆರೆಯಾಗೆ ನನಗೆ ಕಾರು ಆರ್ಸೋದು ಹೇಳ್ಕೊಡೋ ಗಂಡ್ಸು ಇನ್ನೂ ಹುಟ್ಟಿಲ್ಲ!"

ಎಣ್ಣೆ ಮಿಲ್ಲಿನ ಜಂಬುಲಿಂಗಪ್ಪನವರು ಊಟದ ತಟ್ಟೆಯ ಮುಂದೆ ಹೀಗೆ ಘರ್ಜಿಸಿದಾಗ, ಅವರ ಧರ್ಮಪತ್ನಿ ದಾಕ್ಷಾಯಿಣಮ್ಮ ಐದನೆಯ ರೊಟ್ಟಿ ಬಡಿಸುತ್ತ, "ಹೆಂಗ್ಸು ಹುಟ್ಟಿರ್ಬೌದು, ನೋಡ್ರಿ" ಎಂದರು.

ಸಾಹುಕಾರರ ಹಳೆಯ ಕಾರಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಇಪ್ಪತ್ತನಾಲ್ಕು ವರ್ಷದ ಹಿಂದೆ, ಮದುವೆಯಾದ ಹೊಸದರಲ್ಲಿ, ಬಳ್ಳಾರಿಯ ಗಣಿ ಮ್ಯಾನೇಜರೊಬ್ಬರಿಂದ ಕೊಂಡ ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರು ಅದು. ಎರಡೇ ಸೀಟು, ಮೇಲೆ ಸೂರಿಲ್ಲ, ನೆಲದಿಂದ ಒಂದು ಗೇಣು ಎತ್ತರ. ಸಾಹುಕಾರರು 'ನನ್ನ ಸ್ಪೋರ್ಟ್ಸು' ಎಂದು ಎದೆಯುಬ್ಬಿಸುತ್ತಿದ್ದರು, ಊರವರು 'ಕೆಂಪು ಚಪ್ಪಲಿ' ಎನ್ನುತ್ತಿದ್ದರು. ಒಮ್ಮೆ ಕೆಸರಿನಲ್ಲಿ ಹೂತಾಗ ಎಂಟು ಹಮಾಲರು ಅದನ್ನು ಮೂಟೆಯಂತೆ ಎತ್ತಿ ರಸ್ತೆಗಿಟ್ಟಿದ್ದರು. ಕೊಂಡ ದಿನವೇ ಮಿಲ್ಲಿನ ವೇಬ್ರಿಡ್ಜ್ ಮೇಲೆ ಓಡಿಸಿ ತೂಗಿಸಿದ್ದ ಚೀಟಿಗೆ ಕಟ್ಟು ಹಾಕಿಸಿ ಆಫೀಸಿನ ಗೋಡೆಗೆ ತೂಗುಹಾಕಿದ್ದರು. 'ಒಟ್ಟು ತೂಕ ೭೬೦ ಕೆಜಿ'!

ಈಗ ಆ ಚಪ್ಪಲಿಯ ಅಟ್ಟೆ ಸವೆದಿತ್ತು. ತಳ ತುಕ್ಕು ಹಿಡಿದಿತ್ತು, ಬಿಡಿಭಾಗ ಎಲ್ಲೂ ಸಿಗುತ್ತಿರಲಿಲ್ಲ. ಹೊಸದು ಬೇಕೆಂಬುದರಲ್ಲಿ ದಂಪತಿಗಳಿಗೆ ಒಮ್ಮತ. ಎಂಥದು ಎಂಬುದರಲ್ಲಿ ಕುರುಕ್ಷೇತ್ರ!

"ಸೋಮವಾರ ಮೊಳಕಾಲ್ಮುರಿನಾಗೆ ನನ್ ತಂಗಿ ಅನ್ನಪೂರ್ಣಂದು ಗೃಹಪ್ರವೇಶ ಐತೆ," ಎಂದರು ದಾಕ್ಷಾಯಿಣಮ್ಮ. "ಇಪ್ಪತ್ನಾಕು ವರ್ಷದಿಂದ ಜಡೆ ಹಾಕ್ಕೊಂಡು ಹತ್ತಿ ಜಟಾಧಾರಿಯಾಗಿ ಇಳ್ದಿದೀನಿ. ಮುಡ್ಕೊಂಡ ಮಲ್ಲಿಗೆ ಎಲ್ಲಾ ದಾರಿ ಹೊಲದೋರ ಪಾಲು. ಈ ಸಲ ತಲೆ ಬಾಚ್ಕೊಂಡಂಗೇ ಇಳೀಬೇಕು. ನನಗೆ ಸೂರಿರೋ ಕಾರು ಬೇಕು."

"ಸೂರು ಬೇಕಾದ್ರೆ ಮನೇಲಿರು! ಕಾರು ಅಂದ್ರೆ ಹಗುರ ಇರ್ಬೇಕು ಕಣೇ. ಏಳ್ನೂರರವತ್ತರ ಮೇಲೆ ಒಂದ್ ಕೆಜಿ ಜಾಸ್ತಿ ಇದ್ರೂ ನಮ್ಮನೆ ಬಾಗ್ಲಿಗೆ ಬರಂಗಿಲ್ಲ."

"ಆಗ್ಲಿ. ಭಾನುವಾರ ಸಂಜೆವರ್ಗೂ ನಿಮ್ದು. ಅಷ್ಟ್ರಾಗೆ ಸಿಗ್ಲಿಲ್ಲ ಅಂದ್ರೆ ನಾನು ಆರ್ಸಿದ್ದೇ ಕಾರು."

"ಒಪ್ಪಿದೆ!" ಎಂದು ಸಾಹುಕಾರರು ಆರನೆಯ ರೊಟ್ಟಿಗೆ ಕೈ ಹಾಕಿದರು.

ಗುರುವಾರ ಚಿತ್ರದುರ್ಗದಿಂದ ಬಿಳಿ ಬಣ್ಣದ, ನಾಲ್ಕು ಬಾಗಿಲ ಪುಟ್ಟ ಕಾರು ಬಂತು. ತಂದವನು ಶಶಿಕಾಂತ ಎಂಬ ಸೇಲ್ಸ್‌ಮನ್. ಮೈಲೇಜು, ಏಸಿ ಎಂದು ಅವನು ಬಾಯಿಪಾಠ ಒಪ್ಪಿಸುತ್ತಿದ್ದರೆ, ಸಾಹುಕಾರರು ಕೀಲಿ ಕಿತ್ತುಕೊಂಡು ತಾವೇ ಕೂತು ಸೀದಾ ವೇಬ್ರಿಡ್ಜ್ ಹತ್ತಿಸಿದರು. ಅವರು ಆರಿಸುವ ಕಾರಿಗೆ ಇನ್ನೊಬ್ಬರ ಕೈ ಸೋಕುವಂತಿರಲಿಲ್ಲ.

"ಎಷ್ಟೋ ಕಾಮಣ್ಣ?"

ತೂಕದ ಗುಮಾಸ್ತ ಕಾಮಣ್ಣ ಕಿಟಕಿಯಿಂದ ಕೂಗಿದ: "ಎಂಟ್ನೂರಿಪ್ಪತ್ತು ಸಾವ್ಕಾರ್ರೆ!"

"ಇದು ಕಾರೇನಯ್ಯ? ಕಲ್ಲುಗಾಣ!"

ಶಶಿಕಾಂತ ಪೆಚ್ಚಾಗಿ ಹೋದ. ತೀರ್ಪು ಕೊಟ್ಟ ದಣಿವಿಗೆ ಸಾಹುಕಾರರು ಎರಡು ಪ್ಲೇಟು ಮೆಣಸಿನಕಾಯಿ ಬಜ್ಜಿ ತರಿಸಿಕೊಂಡರು. ಶುಕ್ರವಾರ ಇನ್ನೊಂದು ಬಂತು. ಒಂಬೈನೂರು. ಅದು ಕಾರಲ್ಲ, ಕೋಣ!

ಶನಿವಾರ ಬಂದದ್ದನ್ನು ನೋಡಿ ಸಾಹುಕಾರರ ಕಣ್ಣಲ್ಲಿ ನೀರು ಬಂತು. ಬಳ್ಳಾರಿಯ ಒಬ್ಬರು ಮಾರಲು ತಂದ ಹೊಚ್ಚ ಹೊಸ ಮಾದರಿಯ ಸ್ಪೋರ್ಟ್ಸ್ ಕಾರು! ಎರಡೇ ಸೀಟು, ಫೈಬರ್ ಮೈ, ಅದೇ ಕೆಂಪು. ಕನಸೇ ಚಕ್ರ ಕಟ್ಟಿಕೊಂಡು ಬಂದಿತ್ತು. ಉಸಿರು ಬಿಗಿಹಿಡಿದು, ಹೊಟ್ಟೆಯನ್ನು ಸ್ಟೀರಿಂಗಿನ ಕೆಳಗೆ ತೂರಿಸಿ, ವೇಬ್ರಿಡ್ಜ್ ಹತ್ತಿಸಿದರು.

"ಎಂಟ್ನೂರು ಸಾವ್ಕಾರ್ರೆ."

ನಲವತ್ತು ಕೆಜಿ ಹೆಚ್ಚು! ಮಾತು ಅಂದರೆ ಮಾತು. ಎದೆ ಕಲ್ಲು ಮಾಡಿಕೊಂಡು ಕಳಿಸಿಬಿಟ್ಟರು. ಅದು ಆ ಸಂಜೆಯೇ ಯಾರಿಗೋ ಮಾರಾಟವಾಯಿತು ಎಂದು ಕೇಳಿ ಅವರಿಗೆ ನಿಜಕ್ಕೂ ಸಂಕಟವಾಯಿತು.

ಭಾನುವಾರ ಸಂಜೆ ದಾಕ್ಷಾಯಿಣಮ್ಮ ಮಿಲ್ಲಿಗೇ ಬಂದರು. "ಸಿಕ್ತೇನ್ರಿ?"

"ಸಿಗಂಗಿಲ್ಲ! ಈಗಿನೋರಿಗೆ ಹಗುರ ಕಾರು ಮಾಡೋ ವಿದ್ಯೇನೇ ಮರ್ತೋಗೈತೆ. ನನ್ ಸ್ಪೋರ್ಟ್ಸ್ ಮುಂದೆ ಯಾವ್ದೂ ಇಲ್ಲ. ಎಲ್ರೂ ನೋಡ್ರಲೇ!" ಎಂದು ಹಳೆಯ ಕಾರನ್ನೇ ವೇಬ್ರಿಡ್ಜ್ ಮೇಲೆ ತಂದು ನಿಲ್ಲಿಸಿದರು. ಹಮಾಲರು ಸೇರಿದರು. ಶೇಂಗಾ ಹೇರಿಕೊಂಡು ಬಂದಿದ್ದ ಕೊಂಡ್ಲಹಳ್ಳಿಯ ರೈತ ಬೊಮ್ಮಲಿಂಗಪ್ಪನೂ ಇಣುಕಿದ.

"ಕೂಗೋ ಕಾಮಣ್ಣ, ಏಳ್ನೂರರವತ್ತು ಅಂತ!"

ಕಾಮಣ್ಣ ಕಣ್ಣುಜ್ಜಿಕೊಂಡ. "ಎಂಟ್ನೂರ ಹತ್ತು ಸಾವ್ಕಾರ್ರೆ…"

"ಏನು?! ತುಕ್ಕು ಹಿಡ್ದು ಅರ್ಧ ಉದುರಿರೋ ಕಾರು ಐವತ್ ಕೆಜಿ ದಪ್ಪ ಆಗೈತಾ? ನಿನ್ ತೂಕಾನೇ ಕೆಟ್ಟೈತಲೇ! ಜಾಸ್ತಿ ತೋರಿಸ್ತೈತೆ!"

ಬೊಮ್ಮಲಿಂಗಪ್ಪನ ಮುಖ ಅರಳಿತು. "ಸಾವ್ಕಾರ್ರೆ, ರಿಪೇರಿ ನಾಳೆ ಮಾಡಿಸ್ರಿ. ಮೊದ್ಲು ನನ್ ಶೇಂಗಾ ತೂಗ್ಸಿಬಿಡ್ರಿ!"

ಹಮಾಲರು ಹೋ ಎಂದು ನಕ್ಕರು. ಸಾಹುಕಾರರಿಗೆ ಬೆವರು ಕಿತ್ತುಕೊಂಡಿತು. ಕಾರು ಹಾಳಾಗಲಿ, ತಮ್ಮ ತೂಕ ಕೆಟ್ಟಿದೆ ಎಂದು ತಾವೇ ರೈತರ ಮುಂದೆ ಡಂಗುರ ಸಾರಿದಂತಾಯಿತಲ್ಲ!

ಆಗ ದಾಕ್ಷಾಯಿಣಮ್ಮ ಶಾಂತವಾಗಿ ಹೇಳಿದರು: "ರೀ, ಒಂಚೂರು ಕೆಳಗಿಳೀರಿ."

ಹಮಾಲರು ಆಚೆ ಇಬ್ಬರು, ಈಚೆ ಇಬ್ಬರು ಕೈಕೊಟ್ಟು ಇಳಿಸಿದರು.

"ಈಗೆಷ್ಟೋ ಕಾಮಣ್ಣ?"

"ಏಳ್ನೂರು, ಅಮ್ಮಾರೆ!"

ಹಮಾಲರು ಒಮ್ಮೆ ಕಾರನ್ನೂ ಒಮ್ಮೆ ಸಾಹುಕಾರರನ್ನೂ ನೋಡಿದರು.

"ಕಾರು ಅವತ್ತೂ ಏಳ್ನೂರೇ, ಇವತ್ತೂ ಏಳ್ನೂರೇ," ಎಂದರು ದಾಕ್ಷಾಯಿಣಮ್ಮ. "ಅವತ್ತು ಒಳಗೆ ಅರವತ್ ಕೆಜಿ ಮದ್ಲಿಂಗ ಕೂತಿದ್ದ. ದಿನಾ ರೈತರಿಗೆಲ್ಲ 'ಖಾಲಿ ಗಾಡಿ ತೂಗ್ಸಿ' ಅಂತ ಪಾಠ ಹೇಳ್ತೀರಲ್ಲ, ಇದನ್ನ ಖಾಲಿ ತೂಗ್ಸೋದು ಮರ್ತ್ರಾ? ಆ ಬಿಳಿ ಕಾರು ಖಾಲಿ ತೂಗಿದ್ರೆ ಏಳ್ನೂರ ಹತ್ತೇ. ಅದೇ ನಮ್ದು. ಶಶಿಕಾಂತನಿಗೆ ಫೋನ್ ಮಾಡ್ರಿ."

ಸಾಹುಕಾರರು ಲೆಕ್ಕ ಹಾಕಿದರು. ಕೆಂಪು ಸ್ಪೋರ್ಟ್ಸು ಖಾಲಿ ಆರುನೂರ ತೊಂಬತ್ತು! ಅಯ್ಯೋ, ಕೈಗೆ ಬಂದ ಕನಸನ್ನು ಹೊಟ್ಟೆಯೇ ಅಡ್ಡ ಬಂದು ತಳ್ಳಿಬಿಟ್ಟಿತ್ತು.

ನಿಯತ್ತಿನ ಮನುಷ್ಯ ಕಾಮಣ್ಣ ಮಾತ್ರ ಪೆನ್ನು ಹಿಡಿದೇ ಕೂತಿದ್ದ. "ಸಾವ್ಕಾರ್ರೆ, ತುಂಬಿದ ತೂಕ ಆತು, ಖಾಲಿ ತೂಕ ಆತು. ಚೀಟಿ ಹರೀಬೇಕು. ಮಾಲಿನ ಹೆಸರು ಏನಂತ ಬರೀಲಿ?"

ಸಾಹುಕಾರರನ್ನು ಮೇಲಿಂದ ಕೆಳಗೊಮ್ಮೆ ನೋಡಿ ಅವನೇ ಬರೆದ: 'ಮಾಲು: ಯಜಮಾನರು. ನಿವ್ವಳ ೧೧೦ ಕೆಜಿ.'

ಸೋಮವಾರ ಬೆಳಿಗ್ಗೆ ಬಿಳಿ ಕಾರು ಗಾಜೇರಿಸಿಕೊಂಡು ಮೊಳಕಾಲ್ಮುರು ತಲುಪಿತು. ದಾಕ್ಷಾಯಿಣಮ್ಮ ರೇಷ್ಮೆ ಸೀರೆಯ ನೆರಿಗೆ ಸರಿಪಡಿಸಿಕೊಂಡು ರಾಣಿಯ ಹಾಗೆ ಇಳಿದರು. ಹೊಸ ಕಾರಿನ ಬಗ್ಗೆ ನಾಲ್ಕು ಮಾತು ಕೊಚ್ಚಿಕೊಳ್ಳಬೇಕೆಂದು ಸಾಹುಕಾರರೂ ಅವಸರಪಟ್ಟರು. ಆದರೆ ಸೀಟ್ ಬೆಲ್ಟಿನ ಗುಂಡಿ ಹೊಟ್ಟೆಯ ಮರೆಯಲ್ಲಿ ಎಲ್ಲೋ ಸಿಗಲೊಲ್ಲದು.

ಬಾಗಿಲಿಗೆ ಓಡಿ ಬಂದ ಅನ್ನಪೂರ್ಣಮ್ಮ ಅಕ್ಕನ ತಲೆ ನೋಡಿದರು. ಒಂದು ಕೂದಲೂ ಕದಲಿಲ್ಲ, ಮಲ್ಲಿಗೆ ಪೂರಾ ಇದೆ. ಅವರ ಮುಖ ಬಾಡಿತು.

"ಯಾಕಕ್ಕ, ಭಾವ ಬರ್ಲಿಲ್ವಾ?"

"ಬಂದವ್ರೆ ಕಣೇ," ಎಂದರು ದಾಕ್ಷಾಯಿಣಮ್ಮ. "ಮಾಲು ಇನ್ನೂ ಇಳೀತಾ ಐತೆ."