ಕತ್ತರಿ ಮುಟ್ಟದ ಮಾವ

ನಮ್ಮ ಸೋದರಮಾವ ಕ್ಯಾಮೆರಾ ಹಿಡಿದು ಬರುತ್ತಿದ್ದಾರೆ ಎಂದರೆ ತರೀಕೆರೆಯ ಬೀದಿನಾಯಿಗಳೂ ಗಲ್ಲಿ ಬದಲಿಸುತ್ತವೆ. ಉತ್ಪ್ರೇಕ್ಷೆ ಎನ್ನಬೇಡಿ, ನಾಯಿಗಳ ಮೇಲೂ ಅವರೊಂದು ಸಾಕ್ಷ್ಯಚಿತ್ರ ತೆಗೆದಿದ್ದಾರೆ! ಅದರಲ್ಲಿ ಒಂದು ನಾಯಿ ಮಲಗುತ್ತದೆ. ಮುಕ್ಕಾಲು ಗಂಟೆಯ ನಂತರ ಏಳುತ್ತದೆ. ಅಲ್ಲಿಗೆ ಮುಗಿಯಿತು.

"ನಡುವೆ ಒಂಚೂರು ಕಟ್ ಮಾಡ್ಬಾರ್ದಾ ಮಾವ?" ಎಂದರೆ ಕೆರಳುತ್ತಾರೆ. "ನಾಯಿ ಮಲ್ಗಿದ್ದು ನಿಜ ತಾನೇ? ನಿಜಕ್ಕೆ ಕತ್ತರಿ ಹಾಕೋಕೆ ನಾನ್ಯಾವನೋ?" ಸದ್ಯ, ಇವರು ಕ್ಷೌರದಂಗಡಿ ಇಡಲಿಲ್ಲ! ಅವರಿಗಿದ್ದದ್ದು ಒಂದೇ ಆಸೆ. ತಮ್ಮ ಯಾವುದಾದರೂ ಒಂದು ಚಿತ್ರವನ್ನು ಒಬ್ಬರು, ಒಬ್ಬರೇ ಒಬ್ಬರು, ಕೊನೆಯವರೆಗೂ ಕೂತು ನೋಡಬೇಕು. ಆ ಪುಣ್ಯಾತ್ಮ ಇನ್ನೂ ಹುಟ್ಟಿಲ್ಲ ಎಂದು ನಾವು ನಗುತ್ತಿದ್ದೆವು.

ದೇವನೂರಿನ ಹತ್ತಿರ ಬೋರ್‌ವೆಲ್ ಕೊರೆಯುವುದನ್ನು ಬೆಳಗಿನಿಂದ ಚಿತ್ರಿಸಿದರು. ಧೂಳು, ಮತ್ತೆ ಧೂಳು. ಸಂಜೆ ನೀರು ಚಿಮ್ಮಿದ ಗಳಿಗೆಯಲ್ಲೇ ಬ್ಯಾಟರಿ ಮುಗಿಯಬೇಕೇ! ಮಾವ ಸಾವಕಾಶವಾಗಿ ಬ್ಯಾಟರಿ ಬದಲಿಸಿ, ಜಮೀನಿನ ಯಜಮಾನರನ್ನು ಕೇಳಿದರು: "ಇನ್ನೊಂದ್ಸಲ ಮೊದ್ಲಿಂದ ಬರ್ಸೋಕಾಗುತ್ತಾ?"

"ಗಂಗಮ್ಮ ಏನು ನಿಮ್ಮನೇಲಿ ಸಂಬಳಕ್ಕವ್ಳಾ? ಪಕ್ಕಕ್ ಹೋಗ್ರೀ!"

ಅಜ್ಜಂಪುರದ ಟೈಲರ್ ಸಾಹೇಬರ ಕತೆ ಇನ್ನೂ ಚೆನ್ನ. "ಸಹಜವಾಗಿರಿ, ದಿನಾ ಹೆಂಗೋ ಹಂಗೆ" ಎಂದು ಮಾವ ಹೇಳಿಬಂದಿದ್ದರು. ಆದರೆ ನಮ್ಮ ಕಡೆ ಕ್ಯಾಮೆರಾ ಎಂದರೆ ಮದುವೆಯ ವಿಡಿಯೋ ತಾನೇ? ಸಾಹೇಬರು ಶೇರ್ವಾನಿ ತೊಟ್ಟು, ಅತ್ತರು ಪೂಸಿ, ಇಡೀ ಸಂಸಾರವನ್ನು ಹೊಲಿಗೆ ಮಿಷನ್ನಿನ ಹಿಂದೆ ಸಾಲಾಗಿ ನಿಲ್ಲಿಸಿದ್ದರು.

"ಹೊಲೀರಿ ಸಾಹೇಬ್ರೇ."

"ಈ ಶೇರ್ವಾನೀಲಾ? ಎಣ್ಣೆ ಹತ್ತಿದ್ರೆ ನೀವು ಒಗ್ಸಿಕೊಡ್ತೀರಾ?"

ಮಾವನಾದರೂ ಬಿಟ್ಟಾರೆಯೇ? ಅವರೆಲ್ಲ ನಿಂತಿದ್ದು ನಿಜ ತಾನೇ! ಒಂದು ಗಂಟೆ ನಿಂತಿದ್ದನ್ನೇ ತೆಗೆದರು.

ಪ್ರದರ್ಶನ ಮಾತ್ರ ಯಾವಾಗಲೂ ಕಡೂರಿನ ನಮ್ಮ ಮನೆಯ ಟೀವಿಯಲ್ಲೇ. ಕಳೆದ ತಿಂಗಳು ಹೊಸ ಚಿತ್ರ ತಂದರು. ಕಡೂರಿನಿಂದ ಪಂಚನಹಳ್ಳಿಯವರೆಗೆ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ತೆಗೆದ ದಾರಿ. ಬರೀ ದಾರಿ! ಚಿಕ್ಕಮ್ಮ "ಹಾಲು ಉಕ್ತೇನೋ" ಎಂದು ಎದ್ದರು. ಹಾಲಿನವನು ಇನ್ನೂ ಬಂದೇ ಇರಲಿಲ್ಲ. ಅಮ್ಮನಿಗೆ ಹಿತ್ತಲಲ್ಲಿ ಕೆಲಸ ನೆನಪಾಯಿತು. ನಾನೂ ಎದ್ದು ನಿಂತಿದ್ದೆ. ಉಳಿದವರು ಅಪ್ಪ ಒಬ್ಬರೇ. ಲಕ್ವ ಹೊಡೆದು ಹಾಸಿಗೆ ಹಿಡಿದವರು ಎದ್ದು ಎಲ್ಲಿಗೆ ಓಡುತ್ತಾರೆ? ಏಳಲಾಗದ ಪ್ರೇಕ್ಷಕನೇ ತನಗೆ ಸರಿ ಎಂದು ಮಾವನಿಗೆ ಕೊನೆಗೂ ಹೊಳೆಯಿತೇನೋ!

ಅಪ್ಪ ಅದೇ ದಾರಿಯ ಬಸ್ಸಿನಲ್ಲಿ ಆಯುಷ್ಯವಿಡೀ ಕಂಡಕ್ಟರ್ ಆಗಿದ್ದವರು. ಹಾಸಿಗೆ ಹಿಡಿದಾಗಿನಿಂದ ಮಾತೇ ಬಿಟ್ಟಿದ್ದರು. ಆಡಲು ಆಗುತ್ತಿತ್ತು, ಮನಸ್ಸಿರಲಿಲ್ಲ. ಅವರಿಗೇಕೆ ಈ ಶಿಕ್ಷೆ ಎಂದು ನಾನು ಸಿಟ್ಟಿನಿಂದ ರಿಮೋಟ್ ಎತ್ತಿಕೊಂಡೆ. ಅಷ್ಟರಲ್ಲಿ ಅಪ್ಪನ ಸರಿಯಿದ್ದ ಕೈ ಮೇಲೆದ್ದಿತು.

"ಹುಣ್ಸೆಮರ! ಹುಣ್ಸೆಮರ ಇಳ್ಯೋರು ಮುಂದೆ ಬನ್ನಿ!"

ಮಾತು ತೊದಲುತ್ತಿತ್ತು, ಆದರೆ ಗತ್ತು ಹಳೆಯದೇ. ಹಿತ್ತಲಿನಿಂದ ಅಮ್ಮ ಓಡಿಬಂದರು. ಒಂದು ಸ್ಟಾಪನ್ನೂ ಬಿಡದೆ ಕೂಗಿದ ಅಪ್ಪ, ಬಸ್ಸಿನ ಮುಂಬಾಗಿಲಲ್ಲಿ ಜೋತುಬಿದ್ದ ಹುಡುಗರನ್ನು ಬೈದರು. ನನಗೆ ಅಳು ತಡೆಯಲಾಗಲಿಲ್ಲ. ಪಂಚನಹಳ್ಳಿ ಬಂತು, ಚಿತ್ರ ಮುಗಿಯಿತು. ಅಪ್ಪ ಮಾವನತ್ತ ತಿರುಗಿದರು.

"ಏನಪ್ಪಾ, ಬಸ್ಸು ಅಲ್ಲೇ ನಿಲ್ಸಿಬಿಟ್ಯಲ್ಲ? ವಾಪಸ್ ಟ್ರಿಪ್ಪು?"

ಮಾವ ಹೆಗಲ ಟವೆಲ್ಲಿನಿಂದ ಕಣ್ಣೊರೆಸಿಕೊಂಡರು.

"ಅದೂ ಐತೆ ಭಾವ. ಒಂಚೂರೂ ಕಟ್ ಮಾಡಿಲ್ಲ."