ಹುಣಸೆಹಣ್ಣಿಗೆ ಹೊಳೆದ ಬಂದೂಕು

ಹೊಸಪೇಟೆಯಲ್ಲಿ ನಮ್ಮ ಮಾವನವರದು ಬಂದೂಕಿನ ಅಂಗಡಿ. ಮಡಕೆ ಒಡೆಯುತ್ತದೆ, ಕುಂಬಾರ ಉಣ್ಣುತ್ತಾನೆ. ಬಳೆ ಒಡೆಯುತ್ತದೆ, ಬಳೆಗಾರ ಉಣ್ಣುತ್ತಾನೆ. ಮೂರು ತಲೆಮಾರು ಬಾಳುವ ಸಾಮಾನು ಮಾರಿ ನಾವು ಹೇಗೆ ಉಣ್ಣುತ್ತೇವೆ ಎಂಬುದೇ ನನ್ನ ಕುತೂಹಲ. ಮಗುವನ್ನು ಸೊಂಟಕ್ಕೇರಿಸಿಕೊಂಡು ಬಾಗಿಲ ಸಂದಿಯಲ್ಲಿ ನಿಂತರೆ ದಿನಕ್ಕೊಂದು ತಮಾಷೆ ಸಿಗುತ್ತಿತ್ತು.

ಆ ವರ್ಷ ಮಾತ್ರ ನಗುವ ಹಾಗಿರಲಿಲ್ಲ. ಮಹಾನವಮಿಯೊಳಗೆ ಒಂದಾದರೂ ಬಂದೂಕು ಹೋಗದಿದ್ದರೆ ಅಂಗಡಿ ಮುಚ್ಚಿ, ಕಂಪ್ಲಿಯಲ್ಲಿರುವ ಮಾವನ ಅಣ್ಣನ ಅಕ್ಕಿ ಗಿರಣಿಗೆ ಹೋಗುವುದೆಂದು ತೀರ್ಮಾನವಾಗಿತ್ತು. ಆ ಮನೆಯ ಹಿರಿಸೊಸೆಯ ಕೈಕೆಳಗೆ ಬಾಳುವುದಕ್ಕಿಂತ ಕಾಡುಹಂದಿಯ ಎದುರು ನಿಲ್ಲುವುದೇ ವಾಸಿ.

ಕ್ಷೇಮಸಮಾಚಾರ

ಎಮ್ಮಿಗನೂರಿನ ಗೌಡರು ಕಬ್ಬಿಗೆ ಬೀಳುವ ಹಂದಿಗೆಂದು ಬಂದೂಕಿಗೆ ತುಂಬುವ ತೋಟಾ ಕೊಳ್ಳಲು ಬಂದರು.

"ಬಂದೂಕು ಹೆಂಗೈತ್ರಿ?" ಎಂದರು ಮಾವ.

"ಭಾಳ ಚಲೋ ಐತ್ರಿ. ನಮ್ಮಪ್ಪ ನಿಮ್ಮಪ್ಪನ ಹತ್ರ ತಗೊಂಡಿದ್ದು. ನನ್ನ ಮೊಮ್ಮಗಗೂ ಸಾಕು."

ಮಾವನ ಮುಖ ಸಾವಿನ ಸುದ್ದಿ ಕೇಳಿದ ಹಾಗಾಯಿತು.

ಬೀಗರ ಬಂದೂಕು

ಬಿಡಲಿಲ್ಲ ಮಾವ. ಅಂಗಡಿಯಲ್ಲಿ ಉಳಿದಿದ್ದ ಜೋಡು ನಳಿಗೆಯದನ್ನು ಇಳಿಸಿದರು. "ಒಂದು ಗುಂಡು ತಪ್ಪಿದರ ಇನ್ನೊಂದು ಐತಿ."

"ನಂದು ತಪ್ಪಂಗಿಲ್ಲ."

"ಹಂದಿ ಎರಡು ಬಂದರ?"

"ಒಂದು ಬಿದ್ದರ ಇನ್ನೊಂದು ಓಡತೈತಿ."

"ಹೋಗ್ಲಿ ಬಿಡ್ರಿ. ಗಾದಿಗನೂರಿನ ನಿಮ್ಮ ಬೀಗರು ಹ್ವಾದ ವರ್ಷ ಇಂಥದ್ದೇ ಒಯ್ದರು ಅಂತ ತೋರಿಸಿದೆ, ಅಷ್ಟ."

ಎದ್ದಿದ್ದ ಗೌಡರು ಕೂತರು. "ಇವತ್ತೇ ಬಳ್ಳಾರಿಗೆ ಹೋಗಿ ಲೈಸೆನ್ಸಿಗೆ ಅರ್ಜಿ ಹಾಕ್ತೀನಿ. ಬೀಗಗ ಎರಡಿದ್ದರ ನನಗ ಮೂರು ನಳಿಗೀದು ತರಿಸ್ರಿ!"

ನನ್ನ ಕೈಯಿಂದ

ಮಹಾನವಮಿಯ ಮುಂಜಾನೆ ಮಾವ, "ಪೂಜಿಗೆ ಬಂದೂಕು ಒರಸವ್ವ" ಎಂದು ಸ್ನಾನಕ್ಕೆ ಹೋದರು. ಪೂಜೆಯ ಸಾಮಾನು ಬರಿ ಒರೆಸುವವಳೇ ನಾನು? ಹುಣಸೆಹಣ್ಣು, ಬೂದಿ ಹಾಕಿ ತಾಮ್ರದ ಕೊಡದ ಹಾಗೆ ತಿಕ್ಕಿದೆ. ಕರಿ ಬಣ್ಣವೆಲ್ಲ ಹೋಗಿ ನಳಿಗೆ ಫಳಫಳ ಹೊಳೆಯಿತು.

ಮಾವ ಹಣೆ ಬಡಿದುಕೊಂಡರು. "ಅಯ್ಯೋ ನಮ್ಮವ್ವ, ಆ ಕರಿ ಬಣ್ಣ ಅದರ ಚರ್ಮ! ಇನ್ನ ಮಳಿ ಗಾಳಿಗೇ ತುಕ್ಕು ಹಿಡೀತೈತಿ!"

ಕಂಪ್ಲಿಯ ಹಿರಿಸೊಸೆ ನನ್ನ ಕಣ್ಣ ಮುಂದೆ ಬಂದು ನಿಂತಳು. ಅಷ್ಟರಲ್ಲಿ ಲೈಸೆನ್ಸು ಹಿಡಿದ ಗೌಡರೇ ಬಂದು ನಿಂತರು.

"ಮೂರು ನಳಿಗೀದು... ಇದೇನ್ರಿ, ಬೆಳ್ಳಿ ಬಂದೂಕು! ಬೀಗರ ಹತ್ರ ಇಂಥದ್ದು ಐತೇನು?"

"ಅವರದು ಕರೀದು. ಆದ್ರ ಸುಳ್ಳು ಹೇಳಂಗಿಲ್ರಿ, ಇದು ತುಕ್ಕು ಹಿಡೀತೈತಿ. ದಿನಾ ಎಣ್ಣಿ ಹಚ್ಚಬೇಕು, ವರ್ಷಾ ಇಲ್ಲಿಗೆ ತಂದು ರಿಪೇರಿ ಮಾಡಿಸಬೇಕು."

"ಮಾಡಸ್ತೀನಿ. ಕುದುರಿಗೆ ಲಾಳ ಬಡಸಂಗಿಲ್ಲೇನು?" ಗೌಡರು ಬಂದೂಕು ಹೆಗಲಿಗೇರಿಸಿ ಊರೆಲ್ಲ ಕಾಣುವಂತೆ ಪೇಟೆಯ ನಡುವೆಯೇ ಹೋದರು. ಕಂಪ್ಲಿಗೆ ಹೇಳಿದ್ದ ಗಾಡಿಯನ್ನು ಮಾವ ಬ್ಯಾಡ ಎಂದರು.

ಎಂಟು ದಿನಕ್ಕೆ ಗಾದಿಗನೂರಿನ ಬೀಗರು ತಮ್ಮ ಕರಿ ಬಂದೂಕಿನೊಡನೆ ಹಾಜರು. "ಇದನ್ನೂ ತಿಕ್ಕಿ ಬೆಳ್ಳಗ ಮಾಡ್ರಿ."

"ಬ್ಯಾಡ್ರಿ, ತುಕ್ಕು ಹಿಡೀತೈತಿ."

ಬೀಗರು ಕೆರಳಿದರು. "ಗೌಡನ ಬಂದೂಕಿಗೆ ಹಿಡಿಯೋ ತುಕ್ಕು ನನ್ನ ಬಂದೂಕಿಗೆ ಯಾಕ ಹಿಡೀಬಾರದು?"

ಮಾವ ಬಂದೂಕನ್ನು ಕೈಗೆ ತೆಗೆದುಕೊಂಡರು. ಆಮೇಲೆ ಬಾಗಿಲ ಸಂದಿಯಲ್ಲಿದ್ದ ನನ್ನತ್ತ ತಿರುಗಿ ಕೂಗಿದರು: "ಅವ್ವಾ, ಹುಣಸಿಹಣ್ಣು ನೆನಿ ಹಾಕು!"