ಬೀಗರ ರೆಸಾರ್ಟಿಗೆ ಗಿಣ್ಣಿನ ಡಬ್ಬಿ

೧. ಗೇಟು

ರೆಸಾರ್ಟಿನ ಗೇಟಿನಲ್ಲಿ ಕಾವಲಿನವನು ನಮ್ಮ ಕಾರು ನಿಲ್ಲಿಸಿದ. ನಮ್ಮವಳ ತೊಡೆಯ ಮೇಲಿದ್ದ ಸ್ಟೀಲ್ ಡಬ್ಬಿಯ ಕಡೆ ಬೆರಳು ತೋರಿಸಿದ.

"ಹೊರಗಿನ ಊಟ ಒಳಗೆ ಬಿಡಲ್ಲಮ್ಮ."

"ಇದು ಊಟ ಅಲ್ಲ ಕಣಪ್ಪ. ಗಿಣ್ಣು."

"ಗಿಣ್ಣೂ ತಿನ್ನೋದೇ ಅಲ್ವ?"

"ತಿನ್ನೋದೇ. ನಮ್ಮ ಅಸ ಕರು ಆಕೈತೆ. ನಿಮ್ಮನೇಲಿ ಅಸ ಕರು ಆಕಿದ್ರೆ ಗಿಣ್ಣು ಯಾರ್ಗೂ ಕೊಡ್ದೆ, ಬಾಗ್ಲು ಆಕ್ಕಂಡು ನೀವೇ ತಿಂತೀರಾ? ಯಾವೂರು ನಿಂದು?"

ಅವನು ಬೂದಿಕೋಟೆ ಹತ್ತಿರದವನು. ಊರಿನ ಹೆಸರು ಬಾಯಿಂದ ಬಂದ ಮೇಲೆ ಅವನ ಕೈಯಲ್ಲಿ ಏನೂ ಉಳಿಯಲಿಲ್ಲ. ಅವನ ಚಿಕ್ಕಮ್ಮನ ಮನೆ ನಮ್ಮವಳಿಗೆ ಗೊತ್ತಿತ್ತು. ಅವರ ಎಮ್ಮೆಯೂ ಗೊತ್ತಿತ್ತು.

ನಾನು ಹಿಂದಿನ ಸೀಟಿನಲ್ಲಿ ಕೂತಿದ್ದೆ. ಕಾರು ಓಡಿಸುತ್ತಿದ್ದವನು ಮಗ. ಹೊರಟಿದ್ದು ಅವನ ಮಗಳ, ನನ್ನ ಮೊಮ್ಮಗಳ ನಿಶ್ಚಿತಾರ್ಥಕ್ಕೆ. ಬೀಗರು ಬೆಂಗಳೂರಿನವರು. ರೆಸಾರ್ಟು ಬಂಗಾರಪೇಟೆಗೆ ಹತ್ತಿರ, ಆದರೆ ಆರಿಸಿದವರು ಅವರು, ಖರ್ಚೂ ಅವರದು. ಮದುವೆ ಎಲ್ಲಿ ಎಂಬುದು ಅಲ್ಲೇ ತೀರ್ಮಾನವಾಗಬೇಕಿತ್ತು. ಅವರಿಗೆ ಬೆಂಗಳೂರೇ ಆಗಬೇಕು. ನಮಗೆ ಬಂಗಾರಪೇಟೆ. ನಾನು ಸೈಕಲ್ಲಿನಲ್ಲಿ ಕ್ಯಾನು ಕಟ್ಟಿಕೊಂಡು ಚಾಂಪಿಯನ್ ರೀಫ್ಸ್‌ವರೆಗೆ, ಚಿನ್ನದ ಗಣಿಯವರ ಲೈನುಮನೆಗಳಿಗೆ ಹಾಲು ಹಾಕಿದವನು. ಆ ಮನೆಗಳ ಮುದುಕರು, ಮುದುಕಿಯರು ಬೆಂಗಳೂರಿನ ಛತ್ರ ಹುಡುಕಿಕೊಂಡು ಬರುವುದುಂಟೇ? ಅವರಿಲ್ಲದೆ ನಮ್ಮ ಮನೆಯ ಮದುವೆ ಹೇಗೆ?

ಮೊಮ್ಮಗಳು ಮೊದಲೇ ಹೇಳಿದ್ದಳು. "ತಾತ, ನೀನು ಬೀಗರ ಹತ್ರ ಬಾಯಿ ಬಿಡಬೇಡ. ನೀನು ಆಡೋದೇ ನಾಕು ಮಾತು. ನಾಕೂ ಜಗಳಕ್ಕೆ ಸಾಕಾಗ್ತವೆ."

ಹೂಂ ಎಂದಿದ್ದೆ.

ಕಾವಲಿನವನು ಡಬ್ಬಿಯ ಮುಚ್ಚಳದಲ್ಲೇ ಗಿಣ್ಣು ತಿಂದ. ಬಾಯಿ ಒರೆಸಿಕೊಂಡು ಸಲ್ಯೂಟ್ ಹೊಡೆದು ಗೇಟು ಪೂರ್ತಿ ತೆಗೆದ. ನಮ್ಮ ಹಿಂದೆಯೇ ಬೀಗರ ಕಾರು ಬಂತು. ಅದನ್ನೂ ನಿಲ್ಲಿಸಿದ. ಡಿಕ್ಕಿ ತೆಗೆಸಿದ. ನಿಯಮ ನಿಯಮವೇ. ಬೀಗರ ಚಕ್ಕುಲಿ ಟಿನ್ನು ಗೇಟಿನಲ್ಲೇ ಉಳಿಯಿತು.

೨. ಲಾಂಡ್ರಿಯ ಪಕ್ಕ

ಕೋಣೆ ಹಂಚಿದವರು ಬೀಗರು. ಅವರ ಕಡೆಯವರಿಗೆ ಕೆರೆ ಕಾಣುವ ಕೋಣೆಗಳು. ನಮಗೆ ಹಿಂದಿನವು. ಕಿಟಕಿ ತೆಗೆದರೆ ಲಾಂಡ್ರಿ. ರೆಸಾರ್ಟಿನ ಬೆಡ್‌ಶೀಟುಗಳೆಲ್ಲ ಅಲ್ಲಿ ತಿರುಗುತ್ತಿದ್ದವು.

ಬೀಗರು ನಗುತ್ತಾ ಬಂದರು. "ನಿಮಗೆ ಪ್ರಶಾಂತವಾಗಿರಲಿ ಅಂತ ಈ ಕಡೆ ಕೊಡಿಸಿದೆ" ಎಂದರು. ಯಂತ್ರದ ಸದ್ದಿನಲ್ಲಿ ಆ ಮಾತನ್ನು ಅವರು ಮೂರು ಸಲ ಕೂಗಿ ಹೇಳಬೇಕಾಯಿತು.

ಮಗನ ಮುಖ ಕೆಂಪಾಯಿತು. ಮೊಮ್ಮಗಳು ನನ್ನ ಮುಖ ನೋಡಿದಳು. ನಾನು ಹಲ್ಲು ಕಚ್ಚಿಕೊಂಡೆ. ಕೋಣೆಯದೇನು, ಮಲಗಿದರೆ ಎಲ್ಲ ಒಂದೇ. ಆದರೆ ಲಾಂಡ್ರಿಯ ಪಕ್ಕ ಕೂರಿಸಿದವರ ಮುಂದೆ ನಾಳೆ ಬಂಗಾರಪೇಟೆ ಎಂದರೆ ಯಾರು ಕಿವಿಗೆ ಹಾಕಿಕೊಳ್ಳುತ್ತಾರೆ?

ನಮ್ಮವಳು ಡಬ್ಬಿ ಎತ್ತಿಕೊಂಡಳು.

"ಎಲ್ಲಿಗೆ?" ಎಂದೆ.

"ಆಫೀಸಿಗೆ."

"ಜಗಳಕ್ಕಾ?"

"ಥೂ. ಗಿಣ್ಣು ಕೊಡಾಕೆ. ಒಬ್ರ ಮನೆಗೆ ಬಂದ್ಮೇಲೆ ಬರಿಗೈಲಿ ಕೂರಾಕಾಯ್ತದಾ?"

ರೆಸಾರ್ಟು ಯಾರ ಮನೆಯೂ ಅಲ್ಲ ಎಂದು ಹೇಳಬಹುದಿತ್ತು. ಹಿಂದೆ ಹೋದೆ.

ರಿಸೆಪ್ಷನ್ನಿನಲ್ಲಿ ಕೋಟು ಹಾಕಿದ ಹೆಣ್ಣುಮಗಳು. ಎತ್ತರದ ಆಳು. ಇಂಗ್ಲಿಷಿನಲ್ಲಿ ಸ್ವಾಗತ ಹೇಳಿದಳು. ನಮ್ಮವಳು ಊರು ಕೇಳಿದಳು. ಚಾಂಪಿಯನ್ ರೀಫ್ಸ್ ಎಂದಳು. ನಮ್ಮವಳು ಅಲ್ಲಿಂದ ತಮಿಳಿಗೆ ತಿರುಗಿದಳು. ಯಾವ ಲೈನು, ಯಾವ ಪಾಟಿಯ ಮೊಮ್ಮಗಳು, ನಲ್ಲಿಯ ಎದುರು ಮನೆಯೋ ಹಿಂದಿನ ಮನೆಯೋ, ಎಲ್ಲ ವಿಚಾರಣೆಯಾಯಿತು. ಕೊನೆಗೆ ಆ ಹೆಣ್ಣುಮಗಳು ನನ್ನನ್ನು ನೋಡಿ ಕುರ್ಚಿಯಿಂದ ಎದ್ದಳು.

"ಪಾಲ್ಕಾರ ತಾತಾ!"

ಹಾಲಿನವನಿಗೆ ಆ ಲೈನುಗಳಲ್ಲಿ ಅದೇ ಹೆಸರು. ತಲೆ ಆಡಿಸಿದೆ.

"ನಿಮ್ಮ ಸೈಕಲ್ ಬೆಲ್ಲಿಗೇ ನಾವು ಏಳ್ತಿದ್ದಿದ್ದು! ನಮ್ಮ ಪಾಟಿ ದಿನಾ ಬೈಯೋರು, ಈ ಮನುಷ್ಯ ಹಾಲಿಗೆ ನೀರು ಹಾಕ್ತಾನೆ ಅಂತ!"

ಅಲ್ಲಿದ್ದವರೆಲ್ಲ ತಿರುಗಿ ನೋಡಿದರು. ಬಾಯಿ ಬಿಡುವುದಿಲ್ಲ ಎಂದು ಮಾತು ಕೊಟ್ಟಿದ್ದು ಬೀಗರ ವಿಷಯದಲ್ಲಿ. ಹಾಲಿನ ವಿಷಯದಲ್ಲಿ ಅಲ್ಲ.

"ಹಾಕಿದ್ರೆ ನೀನು ಈ ಎತ್ತರ ಬೆಳೀತಿದ್ಯಾ?" ಎಂದೆ.

ಅವಳು ನಕ್ಕು ನಕ್ಕು ಕಣ್ಣು ಒರೆಸಿಕೊಂಡಳು. ಡಬ್ಬಿ ಒಳಗೆ ಹೋಯಿತು. ಮ್ಯಾನೇಜರು, ಅಡುಗೆಯವರು, ಫೋನಿನವರು, ಎಲ್ಲರೂ ತಿಂದರಂತೆ. ನಾವು ಕೋಣೆಗೆ ಬಂದು ಲಾಂಡ್ರಿಯ ಸದ್ದು ಕೇಳುತ್ತಾ ಕೂತೆವು.

ಸ್ವಲ್ಪ ಹೊತ್ತಿಗೆ ಅವಳೇ ಡಬ್ಬಿ ಹಿಡಿದು ಬಂದಳು. ತೊಳೆದು ಒರೆಸಿದ್ದಳು. ಮುಚ್ಚಳ ತೆಗೆದರೆ ಒಳಗೆ ಸಕ್ಕರೆ ಪೊಟ್ಟಣಗಳು. ಸಕ್ಕರೆಯ ಮೇಲೆ ಎರಡು ಕೀ ಕಾರ್ಡು.

"ಕೆರೆ ಮುಂದಿನ ದೊಡ್ಡ ರೂಮು ಎರಡು ಖಾಲಿ ಇವೆ ಅಜ್ಜಿ. ಮ್ಯಾನೇಜರು ಹೂಂ ಅಂದ್ರು. ಕೊಟ್ಟ ಡಬ್ಬಿ ಬರಿದಾಗಿ ವಾಪಸ್ ಕಳಿಸಬಾರದು ಅಂತ ನಮ್ಮ ಪಾಟಿ ಹೇಳೋರು."

ನಮ್ಮವಳು ಕಾರ್ಡು ತಿರುಗಿಸಿ ನೋಡಿದಳು.

"ಸಕ್ಕರೆ ಒಂದೇ ಸಾಕಾಗಿತ್ತಲ್ಲಮ್ಮ" ಎಂದಳು.

೩. ಗಾಜಿನ ಗೋಡೆ

ಹೊಸ ಕೋಣೆ ಬೀಗರ ಕೋಣೆಗಿಂತ ದೊಡ್ಡದು. ಹಾಸಿಗೆ ನಮ್ಮ ಕೊಟ್ಟಿಗೆಯಷ್ಟು ಅಗಲ. ಎಲ್ಲ ಸರಿ. ಸ್ನಾನದ ಮನೆಗೂ ಹಾಸಿಗೆಗೂ ನಡುವೆ ಮಾತ್ರ ಗೋಡೆ ಇಲ್ಲ. ಗಾಜು.

ನಮ್ಮವಳು ಗಾಜು ಮುಟ್ಟಿ ನೋಡಿದಳು. "ಪಾಪ, ಇಷ್ಟೆಲ್ಲ ಕಟ್ಟವ್ರೆ. ಇದೊಂದು ಗೋಡೆಗೆ ಇಟ್ಟಿಗೆ ಸಾಲ್ದೆ ಓಯ್ತು" ಎಂದು ಮರುಗಿದಳು.

ಮರುಗಿದವಳು ಸುಮ್ಮನಿರಲಿಲ್ಲ. ರೂಮು ಕೊಟ್ಟರಲ್ಲ ಎಂದು ಚೀಲದಲ್ಲಿ ಗೇಟು ದಾಟಿ ಬಂದಿದ್ದ ನಿಪ್ಪಟ್ಟನ್ನು ಇನ್ನೊಂದು ಡಬ್ಬಿಗೆ ತುಂಬಿ ಆಫೀಸಿಗೆ ಕೊಟ್ಟುಬಂದಳು. ಆಮೇಲೆ ಗಾಜಿಗೆ ಅಡ್ಡವಾಗಿ ಎರಡು ಸೀರೆ ಇಳಿಬಿಟ್ಟಳು.

ಸಂಜೆ ರಿಸೆಪ್ಷನ್ ಹೆಣ್ಣುಮಗಳು ವಿಚಾರಿಸಿಕೊಳ್ಳಲು ಬಂದಳು. ಸೀರೆ ಕಂಡಳು.

"ಬಟ್ಟೆ ಒಣಗೋಕೆ ಲಾಂಡ್ರಿಗೆ ಕೊಡಬಾರದಿತ್ತಾ ಅಜ್ಜಿ?"

"ಒಣಗಾಕಿಲ್ಲ ಕಣಮ್ಮ. ಮರೆ ಕಟ್ಟಿವ್ನಿ. ಈ ವಯಸ್ನಾಗೆ ನಾನು ನೀರು ಉಯ್ಕಳೋದು ನೋಡಿ ಈವಯ್ಯ ಎದೆ ಇಡ್ಕಂಡ್ರೆ ಯಾರು ಗತಿ?"

ನಾನು ಕೆರೆ ನೋಡಿದೆ.

ಗಾಜಿಗೆ ಒಂದು ಪರದೆ ಇದೆ, ಸ್ವಿಚ್ಚು ಒತ್ತಿದರೆ ಇಳಿಯುತ್ತದೆ ಎಂದು ಹೆಣ್ಣುಮಗಳು ಒತ್ತಿದಳು. ಪರದೆ ಅರ್ಧಕ್ಕೆ ಬಂದು ನಿಂತಿತು. ಇನ್ನೊಮ್ಮೆ ಒತ್ತಿದಳು. ಮೇಲೆ ಹೋಯಿತು. ಮತ್ತೆ ಬರಲಿಲ್ಲ. ಅವಳು ಸೊಂಟದ ಮೇಲೆ ಕೈ ಇಟ್ಟುಕೊಂಡು ಯೋಚಿಸಿದಳು. ನಿಪ್ಪಟ್ಟಿನ ಡಬ್ಬಿಗೆ ಏನು ಹಾಕಿ ಕಳಿಸುವುದು ಎಂದು ಆಗಲೇ ಯೋಚನೆಯಲ್ಲಿದ್ದಳಂತೆ.

ಡಬ್ಬಿಯಲ್ಲಿ ಈ ಸಲ ಬಂದದ್ದು ಕಬ್ಬಿಣದ ದೊಡ್ಡ ಬೀಗದಕೈ. ಕೆರೆಯ ಆ ತುದಿಯ ಕಾಟೇಜಿನದು. ಮೂರು ಕೋಣೆ, ಮುಂದೆ ಜಗಲಿ, ಸುತ್ತ ಕಲ್ಲಿನ ಗೋಡೆ. ನಮ್ಮ ಮನೆಯವರೆಲ್ಲ ಒಂದೇ ಕಡೆ. ಅಲ್ಲಿಗೆ ನಮ್ಮನ್ನೂ ಸಾಮಾನನ್ನೂ ಬ್ಯಾಟರಿ ಗಾಡಿಯಲ್ಲಿ ಕೂರಿಸಿಕೊಂಡು ಹೋದರು. ದಾರಿ ಬೀಗರ ಕೋಣೆಯ ಮುಂದೆಯೇ ಹಾದುಹೋಗುತ್ತದೆ. ಬೀಗರು ಬಾಲ್ಕನಿಯಲ್ಲಿದ್ದರು. ಹಳ್ಳಿಯವರಿಗೆ ರೆಸಾರ್ಟು ಸುತ್ತಿಸಿ ತೋರಿಸುತ್ತಿದ್ದಾರೆ ಎಂದುಕೊಂಡರಂತೆ. ಉದಾರವಾಗಿ ಕೈ ಬೀಸಿದರು.

ನಾನೂ ಬೀಸಿದೆ.

೪. ಬಿಟ್ಟಿ

ಕಾಟೇಜಿನವರಿಗೆ ಆಫೀಸಿನ ಮೇಲಿನ ಮಹಡಿಯ ಲಾಂಜೂ ಸೇರಿತ್ತು. ಮಾರನೆಯ ದಿನ ಬೆಳಿಗ್ಗೆ ನಿಶ್ಚಿತಾರ್ಥದ ಶಾಸ್ತ್ರ ಮುಗಿಯಿತು. ಮದುವೆಯ ಮಾತು ಸಂಜೆಗೆ ಎಂದಾಯಿತು. ಮಧ್ಯಾಹ್ನ ನಮ್ಮವಳು, ನಾನು, ಮೊಮ್ಮಗಳು ಮೇಲೆ ಹೋದೆವು.

ಬಾಗಿಲಲ್ಲಿ ಕೈಗೆ ನೀಲಿ ಪಟ್ಟಿ ಕಟ್ಟಿದರು. ನಮ್ಮ ಹಸುಗಳ ಕಿವಿಗೆ ಹಳದಿ ಬಿಲ್ಲೆ ಹಾಕುತ್ತಾರೆ. ಅದೇ ಲೆಕ್ಕ ಎಂದುಕೊಂಡು ಕೈ ಕೊಟ್ಟೆ.

ಒಳಗೆ ಕಾಫಿ, ಕೇಕು, ಬೋಂಡ, ಹೆಚ್ಚಿಟ್ಟ ಹಣ್ಣು. ನೋಡಿಕೊಳ್ಳುವವನು ರಾಬರ್ಟ್‌ಸನ್‌ಪೇಟೆಯವನು. ಕತ್ತಿಗೆ ಬೋ ಕಟ್ಟಿಕೊಂಡಿದ್ದ.

"ಕಾಫಿ ಎಷ್ಟು?" ಎಂದೆ.

"ಫ್ರೀ ಸರ್."

"ಯಾಕೆ?"

ಅವನನ್ನು ಯಾರೂ ಹಾಗೆ ಕೇಳಿರಲಿಲ್ಲ. "ಕಾಟೇಜಿನವರಿಗೆ ಫ್ರೀ ಸರ್."

"ಕಾಟೇಜೂ ಬಿಟ್ಟಿಯಾಗೇ ಬಂತು."

"ಹಾಗಾದ್ರೆ ಇನ್ನೂ ಒಳ್ಳೇದಾಯ್ತು ಸರ್" ಎಂದ. ಬುದ್ಧಿವಂತ.

ನಮ್ಮವಳಿಗೆ ಸಮಾಧಾನವಾಗಲಿಲ್ಲ. ಬಿಟ್ಟಿ ತಿಂದದ್ದು ಅರಗುವುದಿಲ್ಲ ಎಂಬುದು ಅವಳ ಶಾಸ್ತ್ರ. ಬೋಂಡ ತಿಂದವಳೇ ಮೇಜಿನ ಮೇಲೆ ರಾಶಿ ಬಿದ್ದಿದ್ದ ಬಟ್ಟೆಯ ಕರವಸ್ತ್ರಗಳನ್ನು ಮಡಿಸಲು ಕೂತಳು. ಆತ ಬೇಡಮ್ಮ, ಬೇಡಮ್ಮ ಎನ್ನುತ್ತಾ ಸುತ್ತ ತಿರುಗಿದ. ಇವಳು ಮಡಿಸಿದಳು.

ಕಿಟಕಿಯ ಹತ್ತಿರ ಕೂತಿದ್ದ ಒಬ್ಬ ದೊಡ್ಡ ಮನುಷ್ಯ ಪೇಪರಿನಿಂದ ತಲೆ ಎತ್ತದೆ "ಒಂದು ಟೀ" ಎಂದ. ನಮ್ಮವಳು ಎದ್ದು ಹೋಗಿ ಟೀ ತಂದುಕೊಟ್ಟಳು. ಸಕ್ಕರೆ ಸಾಕಾ ಎಂದು ಕೇಳಿದಳು. ಯಾವೂರು ಎಂದೂ ಕೇಳಿದಳು. ಮೊಮ್ಮಗಳು ಮುಖ ಮುಚ್ಚಿಕೊಂಡಳು. ಆತ ಹೊರಡುವಾಗ ತಟ್ಟೆಯ ಕೆಳಗೆ ಒಂದು ನೋಟು ಇಟ್ಟು ಹೋದ.

ನಮ್ಮವಳು ಅದನ್ನು ಸೆರಗಿನ ತುದಿಗೆ ಗಂಟು ಹಾಕಿದಳು.

"ಈಗ ಬಿಟ್ಟಿ ಅಲ್ಲ. ನೀವೂ ಇನ್ನೊಂದು ಬೋಂಡ ತಗಳಿ" ಎಂದಳು.

೫. ಕುರ್ಚಿ

ಸಂಜೆ ಮತ್ತೆ ಮೇಲೆ ಹೋದೆವು. ಮೂಲೆಯಲ್ಲಿ ದಪ್ಪನೆಯ ಕಪ್ಪು ಕುರ್ಚಿಯೊಂದಿತ್ತು. ಕೂತೆ. ಅದಕ್ಕೆ ಜೀವ ಬಂತು. ಬೆನ್ನು ಗುದ್ದಿತು. ಎರಡೂ ಮೀನಖಂಡ ಹಿಡಿದು ಹಿಂಡತೊಡಗಿತು. ಮಸಾಜಿನ ಕುರ್ಚಿಯಂತೆ. ನಮ್ಮ ಹಸುಗಳು ಇಷ್ಟು ವರ್ಷ ನನ್ನ ಕೈಯಲ್ಲಿ ಏನು ಸಹಿಸಿಕೊಂಡವು ಎಂಬುದು ಆಗ ತಿಳಿಯಿತು.

ಅಷ್ಟರಲ್ಲಿ ಬಾಗಿಲಲ್ಲಿ ಗಲಾಟೆ. ಗಾಜಿನ ಆಚೆ ಬೀಗರು, ಅವರ ಹಿಂದೆ ಅವರ ಕಡೆಯವರು. ಮೇಲಿನ ಲಾಂಜಿನಲ್ಲಿ ಕೂತು ಮದುವೆಯ ಮಾತು ಮುಗಿಸೋಣ ಎಂದು ಎಲ್ಲರನ್ನೂ ಕರೆತಂದಿದ್ದರು.

"ಪಟ್ಟಿ ಇಲ್ಲ ಸರ್" ಎಂದ ಬೋ ಕಟ್ಟಿದವನು.

"ನಾನ್ರೀ ಇಲ್ಲಿ ಬಿಲ್ ಕಟ್ಟೋನು!"

"ಹೌದು ಸರ್. ಆದ್ರೆ ಇದು ಕಾಟೇಜಿನವರಿಗೆ. ಒಳಗಿರೋ ಕಾಟೇಜಿನವರು ನಮ್ಮ ಗೆಸ್ಟು ಅಂದ್ರೆ ಬಿಡಬಹುದು."

"ಯಾರ್ರೀ ಅವರು ಕಾಟೇಜಿನವರು?"

ಅವನು ನನ್ನ ಕಡೆ ಕೈ ತೋರಿಸಿದ.

ಬೀಗರು ಗಾಜಿಗೆ ಮೂಗು ಒತ್ತಿ ನೋಡಿದರು. ನಾನು ಕುರ್ಚಿಯಲ್ಲಿ ಅಲುಗಾಡುತ್ತಿದ್ದೆ. ಬೋ ಕಟ್ಟಿದವನು ಹತ್ತಿರ ಬಂದು ಬಗ್ಗಿದ.

"ಸರ್, ಅವರು ನಿಮ್ಮವರಾ?"

ನಾನು ಮೊಮ್ಮಗಳನ್ನು ನೋಡಿದೆ. ಅವಳು ನನ್ನ ತೋಳು ಹಿಡಿದಳು.

"ತಾತ, ಮಾತಾಡು. ಒಳ್ಳೇ ಮಾತು."

ಅವಸರ ಮಾಡಲಿಲ್ಲ. ಲಾಂಡ್ರಿಯ ಸದ್ದು ಕಿವಿಯಿಂದ ಪೂರ್ತಿ ಇಳಿಯುವ ತನಕ ಕಾದೆ.

"ಎಲ್ಲ ನಮ್ಮವರೇ. ಬಿಡು" ಎಂದೆ.

ಬೀಗರು ಒಳಗೆ ಬಂದರು. ಮುಖದಲ್ಲಿ ಬೆವರು. ನಮ್ಮವಳು ತಾನೇ ಮುಂದೆ ಹೋಗಿ ಬನ್ನಿ ಬನ್ನಿ ಎಂದು ಕರೆದಳು. ಎಲ್ಲರಿಗೂ ಕಾಫಿ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಬೀಗ್ರು ಸುಸ್ತಾಗವ್ರೆ. ಏಳಿ, ಆ ಕುರ್ಚಿ ಅವ್ರಿಗೆ ಬಿಡಿ."

ಎದ್ದೆ. ಬೀಗರು ಕೂತರು. ಹೊಸ ಗಿರಾಕಿ ಎಂದು ಬೋ ಕಟ್ಟಿದವನು ಕತ್ತಿನ ಗುಂಡಿಯನ್ನೂ ಒತ್ತಿದ.

ಬೀಗರು ಗಂಟಲು ಸರಿಮಾಡಿಕೊಂಡರು. "ಮದುವೆ ವಿಷಯ. ಬೆಂಗಳೂರಿನಲ್ಲಿ ಒಂದು ಒಳ್ಳೇ ಛ..."

ಕುರ್ಚಿ ಕತ್ತು ಹಿಡಿದುಕೊಂಡಿತು. ಛತ್ರದ ಉಳಿದ ಅಕ್ಷರ ಹೊರಗೆ ಬರಲಿಲ್ಲ.

ನಮ್ಮವಳು ಹತ್ತಿರ ಹೋಗಿ ಕೈ ಮುಗಿದಳು. "ಬೀಗ್ರೇ, ದೊಡ್ಡ ಮನಸು ಮಾಡಿ. ನಮ್ಮ ಕಡೆ ವಯಸ್ಸಾದೋರು ಅಷ್ಟು ದೂರ ಬರಕಾಗಲ್ಲ. ಬಂಗಾರ್ಪೇಟೇಲೇ ಮಾಡಾನಾ?"

ಬೀಗರ ತಲೆ ಮೇಲೆ ಕೆಳಗೆ ಆಡಿತು. ಒಂದು ಸಲವಲ್ಲ. ಬಹಳ ಸಲ.

"ಒಪ್ಪಿದ್ರು!" ಎಂದಳು ನಮ್ಮವಳು.

"ನಾ... ನಾ... ನಾನಲ್ಲ! ಕು... ಕುರ್ಚಿ!"

ಪಕ್ಕದಲ್ಲೇ ಬೀಗಿತ್ತಿ ಕೂತಿದ್ದರು. ಕಾಫಿ ಲೋಟ ಕೆಳಗಿಟ್ಟರು.

"ಕುರ್ಚಿಗಾದ್ರೂ ಬುದ್ಧಿ ಇದೆ. ಬೆಂಗಳೂರಲ್ಲಿ ಮಾಡಿದ್ರೆ ಅಡುಗೆಯವರ ಹಿಂದೆ, ಹೂವಿನವರ ಹಿಂದೆ ಓಡೋಳು ನಾನು. ಇವರ ಊರಲ್ಲಾದ್ರೆ ರೇಷ್ಮೆ ಸೀರೆ ಉಟ್ಕೊಂಡು ಮುಂದೆ ಕೂತಿರ್ತೀನಿ. ತಾಂಬೂಲ ಕೊಡಿ ಇಲ್ಲಿ."

ನಮ್ಮವಳ ಚೀಲದಲ್ಲಿ ಎಲೆ ಅಡಿಕೆ ಯಾವಾಗಲೂ ಇರುತ್ತದೆ. ಬೀಗರು ಇಳಿಯಲು ನೋಡಿದರು. ಕುರ್ಚಿ ಕಾಲು ಬಿಡಲಿಲ್ಲ. ಅವರು ಇಳಿಯುವಷ್ಟರಲ್ಲಿ ತಾಂಬೂಲ ಬದಲಾಗಿತ್ತು.

ಮದುವೆ ಬಂಗಾರಪೇಟೆಯಲ್ಲಿ ಆಯಿತು.